ಹೆಣ್ಣುಮಕ್ಕಳ ಪಾಲು, ಗದ್ದೆಯ ಬೆಲೆ

“ಮದ್ವೆ ಮಾಡ್ಕೊಟ್ಟಿರೋ ಅಕ್ಕಂಗೂ ಪಾಲು ಬತ್ತದಾ ಸಾ?” ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ವಕೀಲರು ಈ ಪ್ರಶ್ನೆ ಕೇಳದ ವಾರವಿರಲಾರದು. ಪಹಣಿ, ವಂಶವೃಕ್ಷ, ಅಪ್ಪನ ಕಾಲದ ಪಾಲುಪಾರೀಖತ್ತು ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದವರು ಹೌದೋ ಅಲ್ಲವೋ ಎಂದು ಒಂದೇ ಮಾತಿನ ಉತ್ತರ ಬಯಸುತ್ತಾರೆ. ಉತ್ತರ ನಿಂತಿರುವುದು ಇಸವಿಗಳ ಮೇಲೆ. ಒಂದೊಂದು ಇಸವಿಗೂ ಈ ಸೀಮೆಯ ಮಣ್ಣು ಅಂಟಿದೆ.

ಕೋರ್ಟು ಬರುವ ಮೊದಲು ಮದುವೆ, ಕೂಡಿಕೆ, ಬಿಡುಗಡೆ, ಹಾದರದ ದೂರು ಎಲ್ಲವೂ ಕುಲದ ಕಟ್ಟೆಮನೆಯಲ್ಲೋ ಊರಿನ ಅರಳಿಕಟ್ಟೆಯಲ್ಲೋ ತೀರ್ಮಾನವಾಗುತ್ತಿದ್ದವು. ಗೌಡ, ಯಜಮಾನರು ಕೂತು ನ್ಯಾಯ ಹೇಳುವರು, ದಂಡ ಹಾಕುವರು. ಕಟ್ಟದವರು ಕುಲದಿಂದ ಹೊರಗೆ. ಸಂಸಾರದ ಜಗಳ ಯಾವುದು, ಅಪರಾಧ ಯಾವುದು ಎಂಬ ಗೆರೆಯೇ ಅಲ್ಲಿರಲಿಲ್ಲ. ಆ ಕಾಲವೇ ಚೆನ್ನಾಗಿತ್ತು ಎನ್ನುವವರು ‘ಸಮಯಾಚಾರ’ವನ್ನೂ ನೆನೆಯಬೇಕು. ಮೈಸೂರು ಸಂಸ್ಥಾನದಲ್ಲಿ ಮದುವೆಯ ತೆರಿಗೆ, ಕುಲ ಕೆಟ್ಟವರ ದಂಡ, ಹಾದರದ ದಂಡ ಇವೆಲ್ಲ ಸರ್ಕಾರದ ಆದಾಯವಾಗಿದ್ದವು, ಅವುಗಳ ವಸೂಲಿಯನ್ನು ಗುತ್ತಿಗೆಗೆ ಕೊಡಲಾಗುತ್ತಿತ್ತು. ಗುತ್ತಿಗೆದಾರನಿಗೆ ಹೆಂಗಸಿನ ನಡತೆಯ ಮೇಲಿನ ದೂರೇ ಬಂಡವಾಳ. ಕುಲದಿಂದ ಹೊರಬಿದ್ದ ಹೆಂಗಸರನ್ನು ಮಾರಿದ್ದೂ ಉಂಟು. 1831ರಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತ ಬಂದ ಮೇಲೆ ಈ ಪದ್ಧತಿ ರದ್ದಾಯಿತು.

ಕುಲಗಳ ಕಟ್ಟಳೆಯನ್ನು ಮನಸ್ಸಿಟ್ಟು ಬರೆದಿಟ್ಟವರು ಎಚ್.ವಿ. ನಂಜುಂಡಯ್ಯ. ಮೈಸೂರಿನ ಚೀಫ್ ಕೋರ್ಟಿನ ನ್ಯಾಯಾಧೀಶರಾಗಿದ್ದವರು, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು. ಒಂದೊಂದು ಕುಲದಲ್ಲೂ ಹೆಣ್ಣಿಗೆ ತೆರ ಎಷ್ಟು, ವಿಧವೆಗೆ ಕೂಡಿಕೆಯುಂಟೆ, ಮನೆಅಳಿಯನಿಗೆ ಆಸ್ತಿ ಬರುತ್ತದೆಯೇ ಎಂದು ಅವರ ಸಮೀಕ್ಷೆ ವಿಚಾರಿಸಿತು. ಕಾನೂನು ಪುಸ್ತಕದಲ್ಲಿರುವುದು ಒಂದು, ಹಳ್ಳಿಯಲ್ಲಿ ನಡೆಯುವುದು ಇನ್ನೊಂದು ಎಂಬುದನ್ನು ಆ ಸಮೀಕ್ಷೆಯ ಸಂಪುಟಗಳಷ್ಟು ಚೆನ್ನಾಗಿ ತೋರಿಸುವುದು ಬೇರೆ ಸಿಗುವುದು ಕಷ್ಟ.

ಮದುವೆಯ ವಯಸ್ಸಿನ ವಿಚಾರಕ್ಕೆ ಸಂಸ್ಥಾನ ಕೈಹಾಕಿದ್ದು 1894ರಲ್ಲಿ. ಎಂಟು ವರ್ಷ ತುಂಬದ ಹುಡುಗಿಯ ಮದುವೆ ಅಪರಾಧವಾಯಿತು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧವಾಯಿತು. ಇಂದು ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಬಾಲ್ಯವಿವಾಹ ತಡೆಯುವ ಬ್ರಿಟಿಷ್ ಇಂಡಿಯಾದ ಶಾರದಾ ಕಾಯ್ದೆ ಬರಲು 1929 ಆಗಬೇಕಾಯಿತು.

ನಿಜವಾದ ತಿರುವು 1933. ಚೀಫ್ ಜಸ್ಟಿಸ್ ಆಗಿದ್ದ ಕೆ.ಎಸ್. ಚಂದ್ರಶೇಖರ ಅಯ್ಯರ್ ಅವರ ಸಮಿತಿಯ ವರದಿಯ ಬೆನ್ನಿಗೆ ಮೈಸೂರು ‘ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆ’ಯನ್ನು ತಂದಿತು. ಒಟ್ಟು ಕುಟುಂಬದ ಆಸ್ತಿ ಭಾಗವಾಗುವಾಗ ತಾಯಿಗೆ ಮಗನ ಪಾಲಿನ ಅರ್ಧ, ಮದುವೆಯಾಗದ ಮಗಳಿಗೆ ಅಣ್ಣತಮ್ಮನ ಪಾಲಿನ ಕಾಲುಭಾಗ. ಬ್ರಿಟಿಷ್ ಇಂಡಿಯಾ 1937ರಲ್ಲಿ ವಿಧವೆಗೆ ಹಕ್ಕು ಕೊಟ್ಟಿತೇ ಹೊರತು ಮಗಳನ್ನು ನೆನೆಯಲಿಲ್ಲ. ಅದೇ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯೂ ಹುಟ್ಟಿತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿದು ನಾಲೆಗೆ ನೀರು ಬಂದಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳು ಗದ್ದೆಯಾದವು, ಕಬ್ಬು ಬಂತು. ಹೆಣ್ಣುಮಗಳ ಹೆಸರು ಕಾನೂನಿಗೆ ಸೇರಿದ್ದು ನೆಲಕ್ಕೆ ಬೆಲೆ ಬಂದ ಹೊತ್ತಿನಲ್ಲೇ. ಹಾಗಾಗಿ ನಾಲೆಯ ಬಯಲಿನಲ್ಲಿ ಆ ಕಾಲುಭಾಗ ಬರೀ ಕಾಗದದ ಮಾತಾಗಿ ಉಳಿಯುವಂತಿರಲಿಲ್ಲ. ನಾಗಮಂಗಲದ ಬೆದ್ದಲು ಹೊಲದ ಪಾಲಿಗೂ ಶ್ರೀರಂಗಪಟ್ಟಣದ ಗದ್ದೆಯ ಪಾಲಿಗೂ ನಡೆಯುವ ಜಗಳದ ಬಿಸಿ ಒಂದೇ ಅಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪಿತ್ರಾರ್ಜಿತದ ಹುಟ್ಟುಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಕರ್ನಾಟಕ ತನ್ನದೇ ತಿದ್ದುಪಡಿಯಿಂದ 1994ರ ಜುಲೈ 30ರಿಂದ ಮಗಳನ್ನೂ ಹುಟ್ಟಿನಿಂದಲೇ ಹಕ್ಕುದಾರಳನ್ನಾಗಿ ಮಾಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ ಅಕ್ಕನಿಗಿಲ್ಲ, ತಂಗಿಗುಂಟು! 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಈ ಗೋಡೆಯನ್ನು ಕೆಡವಿತು. ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗದು ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ರಿಜಿಸ್ಟರ್ ಆದ, ಇಲ್ಲವೇ ಕೋರ್ಟ್ ಡಿಕ್ರಿಯಿಂದ ಆದ ವಿಭಾಗಕ್ಕೆ ಮಾತ್ರ ರಕ್ಷಣೆ. “ಬಾಯಿಮಾತಲ್ಲಿ ಭಾಗ ಆಗೋಗಿತ್ತು” ಎಂಬ ವಾದಕ್ಕೆ ಸರ್ಕಾರಿ ದಾಖಲೆಯ ಬಲ ಬೇಕೇ ಬೇಕು.

ಹಕ್ಕು ಬಂದರೂ ಕೈ ಸೇರುವ ದಾರಿ ಬೇರೆಯೇ. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅಕ್ಕತಂಗಿಯರು ಸಾಲಾಗಿ ಕೂತು ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದು ಈ ತಾಲ್ಲೂಕುಗಳಲ್ಲಿ ಅಪರೂಪವಲ್ಲ. ಅರಿಶಿನ–ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ. ತವರಿನ ಬಾಗಿಲು ಮುಚ್ಚೀತು, ಗೌರಿ ಹಬ್ಬಕ್ಕೆ ಅಣ್ಣ ಕರೆಯದೇ ಹೋದಾನು ಎಂಬ ಭಯ ಕಾನೂನಿಗಿಂತ ದೊಡ್ಡದು. ಇದು ಪ್ರೀತಿಯಿಂದ ಬಿಟ್ಟುಕೊಟ್ಟದ್ದು ಎಂದು ಬರೆಸುವ ಪತ್ರ ಎಲ್ಲ ಸಲವೂ ನಿಜ ಹೇಳುವುದಿಲ್ಲ.

ಮಗಳು ಪಾಲುದಾರಳಾದ ನಾಡಿನಲ್ಲೇ ಅವಳು ಹುಟ್ಟದಂತೆ ತಡೆಯುವ ದಂಧೆಯೂ ಬೆಳೆಯಿತು. 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಭ್ರೂಣಲಿಂಗ ಪತ್ತೆಯ ಜಾಲವೊಂದರ ಜಾಡು ಹಿಡಿದಾಗ ಅದು ಬಂದು ನಿಂತದ್ದು ಮಂಡ್ಯದ ಬಳಿಯ ಆಲೆಮನೆಯೊಂದಕ್ಕೆ. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ! ತನಿಖೆ ಸಿಐಡಿಗೆ ಹೋಯಿತು. 2024ರ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲಿಯೂ ಹೆಣ್ಣುಭ್ರೂಣ ಹತ್ಯೆಯ ಪ್ರಕರಣ ಬಯಲಿಗೆ ಬಂತು. ಈ ಸುದ್ದಿಗಳ ಜೊತೆಗೇ ಏಳುವ ಪ್ರಶ್ನೆ, ಬಸುರಿಗೂ ಶಿಕ್ಷೆಯಾಗುತ್ತದೆಯೇ ಎಂಬುದು. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ ಇಲ್ಲಿ ಮನೆಯವರತ್ತಲೇ ಬೆರಳು ತೋರಿಸುತ್ತದೆ. ಬೇರೆ ಸಾಕ್ಷ್ಯ ಬರುವ ತನಕ, ಗಂಡ ಅಥವಾ ನೆಂಟರ ಬಲವಂತದಿಂದಲೇ ಅವಳು ಸ್ಕ್ಯಾನಿಂಗಿಗೆ ಒಪ್ಪಿದಳು ಎಂದು ಕೋರ್ಟು ಭಾವಿಸಬೇಕು. ಪತ್ತೆ ಮಾಡಿಸಲು ಕರೆದೊಯ್ದವರಿಗೆ ಮೊದಲ ಸಲದ ತಪ್ಪಿಗೇ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ.