ಇಪ್ಪತ್ತೊಂಬತ್ತು ಅಂಕಗಳ ಮಹಾಸಂಖ್ಯೆ

ಜೀವತತ್ತ್ವವನ್ನು ನಿರೂಪಿಸುವಾಗ ಜೈನಾಚಾರ್ಯರು ಜೀವರಾಶಿಯ ಪ್ರಮಾಣವನ್ನೂ ನಿರೂಪಿಸಿದರು. ಅದಕ್ಕಾಗಿ ಅವರು ಸಂಖ್ಯೆಯನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರು ಬಗೆಯಾಗಿ, ಒಳಭೇದಗಳೊಡನೆ 21 ಬಗೆಯಾಗಿ ವಿಂಗಡಿಸಿದರು. ಈ ವಿಂಗಡಣೆಯಲ್ಲಿ ಪರ್ಯಾಪ್ತ ಮನುಷ್ಯರ ಪ್ರಮಾಣವಾಗಿ ಬರುವ ಒಂದು ಸಂಖ್ಯೆ ವಿಶೇಷವಾಗಿ ಪರಿಶೀಲನಾರ್ಹವಾದುದು.

ಚಾವುಂಡರಾಯನ ಗುರುಗಳಾದ ಶ್ರೀ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ಗೊಮ್ಮಟಸಾರವನ್ನು ರಚಿಸಿದರು. ಅದರ ಜೀವಕಾಂಡದ ಗಾಥೆಯೊಂದರಲ್ಲಿ 29 ಅಕ್ಷರಗಳು 29 ಅಂಕಗಳನ್ನು ಸೂಚಿಸುತ್ತವೆ. ಕಟಪಯಾದಿ ಕ್ರಮದಂತೆ ಮೊದಲ ಅಕ್ಷರವಾದ 'ತ' ಏಕಸ್ಥಾನದ 6. ಕೊನೆಯ 'ಸ' ಎಡತುದಿಯ 7. ಬಲದಿಂದ ಎಡಕ್ಕೆ ಬರೆದುಕೊಂಡರೆ ದೊರೆಯುವ ಸಂಖ್ಯೆ ಇದು:

79228162514264337593543950336

ಇದು ಹುಟ್ಟುವ ಕ್ರಮ ಸರಳವಾದುದು. 2ರ ವರ್ಗ 4. ಅದರ ವರ್ಗ 16. ಹೀಗೆಯೇ ಮುಂದೆ 256, 65536. ಐದನೆಯ ವರ್ಗ 4294967296. ಇದಕ್ಕೆ 'ಬಾದಾಲ'ವೆಂದು ಹೆಸರು. ಬಾದಾಲದ ಘನವೇ ಮೇಲಿನ ಸಂಖ್ಯೆ. ಇದು ಪೂರ್ಣಘನವೂ ಹೌದು, ಪೂರ್ಣವರ್ಗವೂ ಹೌದು. 96 ಬಾರಿ ಅರ್ಧಿಸಿದರೆ ಶೇಷವಿಲ್ಲದೆ ಒಂದಕ್ಕೆ ಬಂದು ನಿಲ್ಲುತ್ತದೆ. ಆದುದರಿಂದ ಇದರ 'ಅರ್ಧಚ್ಛೇದ' 96. ಇಂದಿನ ಗಣಿತಜ್ಞರು ಎರಡರ ಆಧಾರದ ಲಘುಗಣಕವೆನ್ನುವುದು ಇದನ್ನೇ. ಓಲೆಯನ್ನು ಪ್ರತಿಮಾಡುವಾಗ ಲಿಪಿಕಾರನು ಒಂದು ಅಂಕವನ್ನು ತಪ್ಪಿದರೂ 96 ಬಾರಿ ಅರ್ಧಿಸಿ ಒಂದಕ್ಕೆ ತಲುಪಲಾಗದು. ಸಂಖ್ಯೆಯ ಶುದ್ಧತೆಗೆ ಅದರ ಗುಣವೇ ಸಾಕ್ಷಿ.

ಆದರೆ ಈ ಸಂಖ್ಯೆಯನ್ನು ಎಲ್ಲರೂ ವಿಚಾರಿಸದೆ ಅಂಗೀಕರಿಸಲಿಲ್ಲ. ನೇಮಿಚಂದ್ರರಿಗಿಂತ ಶತಮಾನಕ್ಕೂ ಹಿಂದೆ ಷಟ್ಖಂಡಾಗಮಕ್ಕೆ ಧವಲಾ ಟೀಕೆಯನ್ನು ಬರೆದ ಶ್ರೀ ವೀರಸೇನಾಚಾರ್ಯರ ಮುಂದೆಯೂ ಇದು ಬಂದಿತ್ತು. ಮೂಲಸೂತ್ರದಂತೆ ಆ ಪ್ರಮಾಣ ನಾಲ್ಕು ಕೋಟಿಗಳ ಪರಸ್ಪರ ಗುಣಲಬ್ಧಕ್ಕಿಂತ, ಅಂದರೆ ಒಂದರ ಮುಂದೆ 28 ಸೊನ್ನೆಗಳ ಸಂಖ್ಯೆಗಿಂತ, ಕಡಿಮೆಯಿರಬೇಕು. ಅದಕ್ಕೂ 29 ಸ್ಥಾನಗಳೇ. ಆದರೆ ಪ್ರಸ್ತುತ ಸಂಖ್ಯೆ ಅದನ್ನು ಮೀರುತ್ತದೆ. ವೀರಸೇನರು ಮನುಷ್ಯಕ್ಷೇತ್ರದ ವಿಸ್ತೀರ್ಣವನ್ನು ಗಣಿಸಿ, ಅಷ್ಟು ಜನರಿಗೆ ಅಲ್ಲಿ ಅವಕಾಶವಿಲ್ಲವೆಂದು ತೋರಿಸಿದರು. ಪರಂಪರೆಯಿಂದ ಬಂದ ಲೆಕ್ಕವನ್ನು ಪರಂಪರೆಯೊಳಗೇ ನಿಂತು ಪರೀಕ್ಷಿಸಿದ ಈ ಧೈರ್ಯ ಸ್ಮರಣೀಯವಾದುದು.

ಈ ಚರ್ಚೆ ಉಳಿದುಬಂದುದು ಕನ್ನಡನಾಡಿನ ಬಸದಿಯಿಂದ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ರಕ್ಷಿತವಾಗಿದ್ದ ಧವಲಾ 1939ರಿಂದ ಮುದ್ರಣಗೊಳ್ಳತೊಡಗಿತು. ಗೊಮ್ಮಟಸಾರಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡ ವೃತ್ತಿಯನ್ನು ರಚಿಸಿದ್ದನು.

29 ಅಂಕಗಳಾದರೂ ಈ ಸಂಖ್ಯೆ ಸಂಖ್ಯಾತದಲ್ಲಿ ಮಧ್ಯಮವೇ. ಅಸಂಖ್ಯಾತದ ಹೊಸ್ತಿಲನ್ನೂ ಅದು ಮುಟ್ಟದು. ನಿಗೋದ ಜೀವಗಳಾದರೋ ಅನಂತ. ಅನಂತದ ಎದುರಿಗೆ ಎಣಿಕೆಗೆ ಸಿಗುವಷ್ಟೇ ಇರುವ ಮನುಷ್ಯಜನ್ಮವನ್ನು ದುರ್ಲಭವೆಂದು ಆಚಾರ್ಯರು ಕರೆದುದರ ಹಿಂದೆ ಇಂತಹ ಗಣಿತವೂ ಇದೆ.