ಫ್ಲ್ಯಾಶು ಕ್ಯಾಮೆರಾದ ತಲೆಯಿಂದ ಇಳಿದ ಕಥೆ

ಮೊನ್ನೆ ಕಪಾಟು ಸ್ವಚ್ಛ ಮಾಡುವಾಗ ಮಗಳ ನಾಮಕರಣದ ಆಲ್ಬಮ್ ಸಿಕ್ಕಿತು. ಆಗ ನಾವು ಪುಣೆಗೆ ಬಂದು ಮೂರು ವರ್ಷ. ದುಡ್ಡು ಉಳಿಯುತ್ತದೆ ಅಂತ ಫೋಟೋ ನಾನೇ ಹೊಡೆದಿದ್ದೆ. ಅದರಲ್ಲಿ ಪಂಕ್ತಿ ಊಟದ್ದೊಂದು ಚಿತ್ರ ಇದೆ. ಮೊದಲ ಎಲೆಗೆ ಕೂತ ಪಕ್ಕದ ಮನೆಯ ಆಜೋಬಾ ಸುಣ್ಣ ಬಳಿದ ಹಾಗೆ ಬೆಳ್ಳಗೆ, ನಡುವಿನ ನಾಲ್ಕು ಜನ ಚೆನ್ನ, ಕೊನೆಯ ಎಲೆ ಪೂರ್ತಿ ಕತ್ತಲು. ಆ ಕತ್ತಲಲ್ಲಿ ಕೂತವಳು ನಮ್ಮವ್ವ. ಅವಳು ಪುಣೆಗೆ ಬಂದದ್ದು ಅದೊಂದೇ ಸಲ. ಸ್ಕ್ಯಾನ್ ಮಾಡಿ ಬೆಳಕು ಏರಿಸಿ ನೋಡಿದೆ. ಕಿವಿಯ ಬೆಂಡವಾಲಿ ಕಂಡಿತು, ಮುಖ ಸಿಗಲಿಲ್ಲ.

ಅವತ್ತೇ ನಮ್ಮ ಕಾಕಾ ಹೇಳಿದ್ದರು. ವಯಸ್ಸಿನಲ್ಲಿ ಹುಬ್ಬಳ್ಳಿಯ ಸ್ಟುಡಿಯೋ ಒಂದರಲ್ಲಿ ಲೈಟು ಹಿಡಿಯುವ ಕೆಲಸ ಮಾಡಿದವರು. "ಅದನ್ನ ಕ್ಯಾಮೆರಾದ ತಲಿ ಮ್ಯಾಲೆ ಯಾಕ ಕುಂದರ್ಸೀಯೋ? ನನ್ನ ಕೈಯಾಗ ಕೊಡು, ನಾ ಹಿಡೀತೀನಿ." ನಾನು ನಕ್ಕು ಬಿಟ್ಟೆ. ಹೊಸ ಫ್ಲ್ಯಾಶು, ಆಟೊಮ್ಯಾಟಿಕ್ಕು!

ಕಾಕಾ ಹೇಳಿದ್ದು ಸರಳ ಲೆಕ್ಕ. ಬೆಳಕು ದೂರ ಹೋದಷ್ಟೂ ವರ್ಗದ ಪ್ರಮಾಣದಲ್ಲಿ ಕುಗ್ಗುತ್ತದೆ. 3 ಅಡಿಯಲ್ಲಿ ಕೂತವರಿಗೆ ಸಿಕ್ಕಿದ್ದರ 16ನೇ ಒಂದು ಪಾಲು ಮಾತ್ರ 12 ಅಡಿಯಲ್ಲಿ ಕೂತವರಿಗೆ. ಅದೇ ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ಪಂಕ್ತಿಯ ನಡುಮಧ್ಯದ ಎದುರಿಗೆ ಎತ್ತರದಲ್ಲಿ ಹಿಡಿದರೆ ಮೊದಲ ಎಲೆಗೂ ಕೊನೆಯ ಎಲೆಗೂ ಹೆಚ್ಚುಕಮ್ಮಿ ಒಂದೇ ದೂರ. ಬಡಿಸುವವರಂತೆ, ಬೆಳಕೂ ಎಲ್ಲರ ಹತ್ತಿರ ಹೋಗಬೇಕು ನೋಡಿ.

ತಮಾಷೆ ಅಂದರೆ, ಇದು ಹೊಸ ವಿದ್ಯೆಯಲ್ಲ. ಫ್ಲ್ಯಾಶು ಹುಟ್ಟಿದ್ದೇ ಕ್ಯಾಮೆರಾದ ಹೊರಗೆ. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಫ್ಲ್ಯಾಶ್ ಪೌಡರ್ ಮಾಡಿದರು. ತಟ್ಟೆಯಲ್ಲಿ ಪುಡಿ ಹಾಕಿ ಎತ್ತಿ ಹಿಡಿಯುವುದು, ಲೆನ್ಸು ತೆರೆಯುವುದು, ಪುಡಿ ಹೊತ್ತಿಸುವುದು, ಲೆನ್ಸು ಮುಚ್ಚುವುದು. ಆಮೇಲೆ ಕೋಣೆ ತುಂಬ ಹೊಗೆ. ನ್ಯೂಯಾರ್ಕಿನ ಬಡವರ ಮನೆಗಳನ್ನು ಹೀಗೆ ಚಿತ್ರಿಸಿದ ಜೇಕಬ್ ರೀಸ್ ಎರಡು ಸಲ ಮನೆಗೆ, ಒಂದು ಸಲ ತನಗೇ ಬೆಂಕಿ ಹಚ್ಚಿಕೊಂಡಿದ್ದನ್ನು ತಾನೇ ಬರೆದಿದ್ದಾನೆ. ಇಂಥದ್ದನ್ನು ಕ್ಯಾಮೆರಾದ ಮೇಲೆ ಯಾರು ಕೂರಿಸುತ್ತಾರೆ!

1930ರ ಸುಮಾರಿಗೆ ಬಲ್ಬು ಬಂತು. ಹೊಗೆ ಹೋಯಿತು, ಆದರೆ ಒಂದು ಬಲ್ಬಿಗೆ ಒಂದೇ ಚಿತ್ರ. ಬಲ್ಬು ಪೂರ್ತಿ ಬೆಳಗಲು ಸೆಕೆಂಡಿನ 1/50 ಭಾಗ ಬೇಕು, ಶಟರು ಅಷ್ಟು ಹೊತ್ತು ಕಾದು ತೆರೆಯಬೇಕು. ಹೊಂದಿಕೆ ತಪ್ಪಿತೋ, ಚಿತ್ರ ಹೋಯಿತು.

ಇದರ ದೊಡ್ಡ ಉದಾಹರಣೆ ನಮ್ಮ ಪುಣೆಯದೇ. 1946ರಲ್ಲಿ ಲೈಫ್ ಪತ್ರಿಕೆಯ ಮಾರ್ಗರೆಟ್ ಬರ್ಕ್-ವೈಟ್ ಇಲ್ಲಿ ಗಾಂಧೀಜಿಯ ಚರಕದ ಚಿತ್ರ ತೆಗೆಯಲು ಬಂದರು. ಮೊದಲು ನೂಲುವುದನ್ನು ಕಲಿಯಿರಿ ಅಂದರು ಕಾರ್ಯದರ್ಶಿ. ಕಲಿತರು. ಅವತ್ತು ಸೋಮವಾರ, ಗಾಂಧೀಜಿಗೆ ಮೌನದ ದಿನ. ಒಪ್ಪಿಗೆ ಸಿಕ್ಕಿದ್ದು ಮೂರೇ ಬಲ್ಬಿಗೆ. ಕೋಣೆ ಮಬ್ಬು, ಗಾಂಧೀಜಿಯ ತಲೆಯ ಮೇಲಿನ ಕಿಟಕಿಯಿಂದ ಬೆಳಕು ನೇರ ಲೆನ್ಸಿಗೆ ಹೊಡೆಯುತ್ತಿತ್ತು. ಮೊದಲ ಬಲ್ಬಿಗೂ ಶಟರಿಗೂ ಹೊಂದಿಕೆಯಾಗಲಿಲ್ಲ. ಎರಡನೆಯದು ಸರಿ ಹೊತ್ತಿತು, ಆದರೆ ಫಿಲ್ಮಿನ ಮುಂದಿನ ಮುಚ್ಚಳ ಎಳೆಯುವುದನ್ನೇ ಅವರು ಮರೆತಿದ್ದರು. ಉಳಿದದ್ದು ಒಂದು. ಅಂಥವರೂ ಮರೆಯುತ್ತಾರೆ ಎಂಬುದು ನನಗೆ ದೊಡ್ಡ ಸಮಾಧಾನ. ಆದರೆ ಅವರಿಗೆ ಮೂರನೆಯ ಬಲ್ಬಿತ್ತು.

ಎಲೆಕ್ಟ್ರಾನಿಕ್ ಫ್ಲ್ಯಾಶಿನ ಬೇರು ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ 1931ರಲ್ಲಿ ಮಾಡಿದ ಪ್ರಯೋಗಗಳಲ್ಲಿದೆ. ಅದು ಸಣ್ಣದಾಗಿ, ಅಗ್ಗವಾಗಿ, ಕ್ಯಾಮೆರಾದ ನೆತ್ತಿಯ ಮೇಲೆ ಬಂದು ಕೂತಾಗ ಲೈಟು ಹಿಡಿಯುವ ಹುಡುಗನ ಕೆಲಸ ಹೋಯಿತು. ದೊಡ್ಡ ಸ್ಟುಡಿಯೋದವರು ಮಾತ್ರ ಮದುವೆಗೆ ಎರಡನೇ ಫ್ಲ್ಯಾಶು ತರುತ್ತಿದ್ದರು. ಅದಕ್ಕೊಂದು 'ಸ್ಲೇವ್' ಕಣ್ಣು, ಮೊದಲನೆಯದರ ಬೆಳಕು ಕಂಡೊಡನೆ ತಾನೂ ಹೊತ್ತಿಕೊಳ್ಳುತ್ತದೆ. ತೊಂದರೆ ಏನೆಂದರೆ, ವರನ ಗೆಳೆಯನ ಫ್ಲ್ಯಾಶಿಗೂ ಹೊತ್ತಿಕೊಳ್ಳುತ್ತದೆ! ಅಕ್ಷತೆ ಬೀಳುವ ಗಳಿಗೆಗೆ ಅದು ಚಾರ್ಜಿನಲ್ಲೇ ಇರುವುದಿಲ್ಲ. ರೇಡಿಯೋ ಟ್ರಿಗರ್ ಅಗ್ಗವಾದ ಮೇಲೆ ಆ ಕಾಟ ತಪ್ಪಿತು. 2006ರಲ್ಲಿ ಡೇವಿಡ್ ಹಾಬಿ ಎಂಬ ಅಮೆರಿಕದ ಪತ್ರಿಕಾ ಛಾಯಾಗ್ರಾಹಕ 'ಸ್ಟ್ರೋಬಿಸ್ಟ್' ಶುರು ಮಾಡಿ, ಸಣ್ಣ ಫ್ಲ್ಯಾಶನ್ನು ಸ್ಟ್ಯಾಂಡಿನ ಮೇಲೆ ಇಡುವುದನ್ನು ಜಗತ್ತಿಗೇ ಕಲಿಸಿದರು. ನಾನೂ ಅಲ್ಲೇ ಕಲಿತೆ. ಓದುತ್ತಾ ಓದುತ್ತಾ, ಅರೆ, ಇದು ಕಾಕಾ ಹೇಳಿದ್ದೇ ಅಲ್ಲವೇ ಅನಿಸಿತು. ಅಷ್ಟರಲ್ಲಿ ಅವ್ವ ಹೋಗಿ ಎರಡು ವರ್ಷ.

ಈಗ ನಮ್ಮ ಕನ್ನಡ ಬಳಗದ ಕಾರ್ಯಕ್ರಮಗಳಿಗೆ ಫೋಟೋ ನನ್ನದೇ. ಹಾಡುವವರ ಮೇಲೆ ಫ್ಲ್ಯಾಶು ಹೊಡೆಯುವುದಿಲ್ಲ. ಕಣ್ಣು ಮುಚ್ಚಿ ಸ್ವರ ಹಿಡಿದವರ ಮುಖಕ್ಕೆ ಮಿಂಚು ಹೊಡೆಸುವುದು ನನ್ನ ಲೆಕ್ಕದಲ್ಲಿ ಅಪರಾಧ. ಸನ್ಮಾನಕ್ಕೆ ಸ್ಟೇಜಿನ ಎರಡು ಬದಿಗೆ ಒಂದೊಂದು, ಊಟದ ಹಾಲಿನಲ್ಲಿ ಬಿಳಿ ಗೋಡೆಗೆ ಮುಖ ಮಾಡಿ ಒಂದು. ಅದನ್ನು ಸ್ಟ್ಯಾಂಡಿನ ಮೇಲೆ ಇಡದೆ ಕಂಬಕ್ಕೆ ಕಟ್ಟುತ್ತೇನೆ, ಮಕ್ಕಳು ಓಡಾಡುತ್ತಿರುತ್ತವೆ.