ಉರ್ಫ್: ಒಂದು ಸಾವಿನ ದಾಖಲೆಯ ಬೆನ್ನು ಹತ್ತಿ

ನಮ್ಮಜ್ಜಿಗೆ ಎರಡು ಹೆಸರು. ತವರಿನಲ್ಲಿ ಇಟ್ಟದ್ದು ನದಿಯ ಹೆಸರು. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಬರೆಸಿ ಕರೆದದ್ದು ದೇವಿಯ ಹೆಸರು. ನಮ್ಮ ರಾಯಚೂರು ಸೀಮೆಯಲ್ಲಿ ಆ ಕಾಲದ ಹೆಣ್ಣುಮಕ್ಕಳಿಗೆ ಇದು ಹೊಸದೇನಲ್ಲ. ಆಕೆ ತೀರಿಕೊಂಡು ಐವತ್ತು ವರ್ಷ ಕಳೆದ ಮೇಲೆ, ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹೊಲದ ಪೌತಿ ಖಾತೆ ಮಾಡಿಸಲು ಹೊರಟಾಗ ಈ ಎರಡು ಹೆಸರುಗಳೇ ಅಡ್ಡ ಬಂದವು. ಪಹಣಿಯಲ್ಲಿ ಇದ್ದದ್ದು ನದಿಯ ಹೆಸರು. ನಮ್ಮಪ್ಪನ ಕಾಗದಪತ್ರಗಳಲ್ಲಿ ತಾಯಿ ಎಂದು ಬರೆದದ್ದು ದೇವಿಯ ಹೆಸರು. ಮರಣ ಪ್ರಮಾಣಪತ್ರ ಮನೆಯಲ್ಲಿ ಇರಲೇ ಇಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಅಜ್ಜನ ಊರಿನ ಹೆಸರು, ದೇವಿಯ ಹೆಸರು, ಅಂದಾಜು ಇಸವಿ 1974 ಎಂದು ಬರೆದು ಅರ್ಜಿ ಕೊಟ್ಟೆ. ಕೆಲವು ದಿನಗಳಲ್ಲಿ ಉತ್ತರ ಬಂತು: ದಾಖಲೆ ಲಭ್ಯವಿಲ್ಲ. ಆ ಕಾಗದ ಹಿಡಿದು ಮನೆಗೆ ಬಂದಾಗ, ಎಲ್ಲ ಮುಗಿಯಿತು ಅನ್ನಿಸಿತ್ತು. ಎರಡು ದಿನ ಬಿಟ್ಟು ಮತ್ತೆ ಓದಿದೆ. ಇಂಥ ಊರು, ಇಂಥ ವರ್ಷ, ಇಂಥ ಹೆಸರಿನಲ್ಲಿ ಹುಡುಕಿದಾಗ ಇಲ್ಲ ಎಂದಷ್ಟೇ ಅದರಲ್ಲಿತ್ತು. ಅಜ್ಜಿಯ ಸಾವು ಎಲ್ಲಿಯೂ ದಾಖಲಾಗಿಲ್ಲ ಎಂದು ಅದು ಹೇಳಿರಲಿಲ್ಲ. ಹಾಗಾದರೆ ತಿದ್ದಬೇಕಾದದ್ದು ನನ್ನ ಪ್ರಶ್ನೆಯನ್ನು.

ಎಪ್ಪತ್ತರ ಗಡಿ ದಾಟಿದ ಸೋದರತ್ತೆಯ ಮುಂದೆ ಹೋಗಿ ಕೂತೆ.

“ಅವ್ವ ಇಲ್ಲಿ ಎಲ್ಲಿ ಸತ್ತಳೋ ತಮ್ಮಾ? ತವರಿಗೆ ಹೋಗಿದ್ಲು, ತನ್ನ ಹೊಲದಾಗ ಚರಗ ಚೆಲ್ಲಾಕ. ಎಳ್ಳಮಾಸಿ ಇನ್ನಾ ಎಂಟು ದಿನ ಇತ್ತು. ಸಜ್ಜಿ ಬೀಸಿ ಇಟ್ಟಿದ್ಲಂತ. ದೊಡ್ಡ ಬರ ಬಿತ್ತಲ್ಲ, ಅದರ ಮರುವರ್ಷ.”

ಈ ನಾಲ್ಕು ಮಾತಿನಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ದೊಡ್ಡ ಬರ ಅಂದರೆ 1972ರದು. ಹೊಲಕ್ಕೆ ಚರಗದ ಎಡೆ ಚೆಲ್ಲುವ ಎಳ್ಳ ಅಮಾವಾಸ್ಯೆ ಮರುವರ್ಷ ಯಾವಾಗ ಬಂತು ಎಂದು ಹಳೆಯ ಪಂಚಾಂಗ ತೆಗೆದು ನೋಡಿದೆ: 1973ರ ಡಿಸೆಂಬರ್ 24, ಸೋಮವಾರ. ಅದಕ್ಕೆ ಎಂಟು ದಿನ ಮೊದಲು ಅಂದರೆ ಡಿಸೆಂಬರ್ 16ರ ಆಸುಪಾಸು. ಊರು ಅಜ್ಜನದಲ್ಲ, ಅಜ್ಜಿಯ ತವರು. ಜನನ ಮರಣ ನೋಂದಣಿಯ ಮೂಲ ನಿಯಮವನ್ನೇ ನಾನು ಮರೆತಿದ್ದೆ: ಘಟನೆ ಎಲ್ಲಿ ನಡೆಯಿತೋ ಅಲ್ಲಿಯೇ ದಾಖಲು, ಮನೆ ಎಲ್ಲಿದೆಯೋ ಅಲ್ಲಿ ಅಲ್ಲ.

ತವರೂರು ಈಗ ಹೊಸ ತಾಲ್ಲೂಕಿಗೆ ಸೇರಿದೆ. ಹಳೆಯ ರಿಜಿಸ್ಟರುಗಳು ಹೊಸ ಕಚೇರಿಗೆ ಬಂದಿವೆಯೋ, ಹಳೆಯ ತಾಲ್ಲೂಕಿನಲ್ಲೇ ಉಳಿದಿವೆಯೋ ಗೊತ್ತಿರಲಿಲ್ಲ. ಇಂಥ ಕಡೆ ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು ಮಾಹಿತಿ ಹಕ್ಕಿನ ಅರ್ಜಿ ಹಾಕುವುದು ಒಳ್ಳೆಯದು. ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು, 30 ದಿನದಲ್ಲಿ ಉತ್ತರ ಬರಬೇಕು. ನಾನು ಅಜ್ಜಿಯ ಹೆಸರನ್ನೇ ಎತ್ತಲಿಲ್ಲ. “ಈ ಹೋಬಳಿಯ 1970ರಿಂದ 1975ರವರೆಗಿನ ಮರಣ ನೋಂದಣಿ ಪುಸ್ತಕಗಳು ಈಗ ಯಾವ ಕಚೇರಿಯ ಸುಪರ್ದಿಯಲ್ಲಿವೆ?” ಎಂದಷ್ಟೇ ಕೇಳಿದೆ. ಹಳೆಯ ತಾಲ್ಲೂಕಿನ ರೆಕಾರ್ಡ್ ರೂಮಿನಲ್ಲಿವೆ ಎಂಬ ಉತ್ತರ ಬಂತು.

1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ರಿಜಿಸ್ಟರಿನಲ್ಲಿ ಹುಡುಕಿಸಬಹುದು, ನಕಲು ಪಡೆಯಬಹುದು. ಸಾವಿನ ಕಾರಣವನ್ನು ಮಾತ್ರ ಆ ನಕಲಿನಲ್ಲಿ ತೋರಿಸುವಂತಿಲ್ಲ. ರೆಕಾರ್ಡ್ ರೂಮಿನ ಗುಮಾಸ್ತರು ಕೆಂಪು ಬಟ್ಟೆಯ ಗಂಟು ಬಿಚ್ಚಿ ಪುಸ್ತಕ ತೆಗೆದರು. ಹಾಳೆಯ ತಲೆಯ ಮೇಲೆ ಇನ್ನೂ ‘ಮೈಸೂರು ರಾಜ್ಯ’ ಎಂದೇ ಅಚ್ಚಾಗಿತ್ತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು, ಹಳೆಯ ಫಾರಂ ಇನ್ನೂ ಮುಗಿದಿರಲಿಲ್ಲ. ಡಿಸೆಂಬರ್ ತಿಂಗಳ ಎರಡನೇ ಹಾಳೆಯಲ್ಲಿ ನೀಲಿ ಮಸಿ ಕಂದಿದ ಒಂದು ಸಾಲು: ಸತ್ತ ದಿನ 16, ಹೆಣ್ಣು, ವಯಸ್ಸು ಅಂದಾಜು 45. ಹೆಸರು ನದಿಯದು. ವರದಿ ಕೊಟ್ಟವರು ಅಣ್ಣ, ಹೆಬ್ಬೆಟ್ಟಿನ ಗುರುತು. ಆ ಅಣ್ಣನ ಬಾಯಲ್ಲಿ ತಂಗಿಗೆ ತವರಿನ ಹೆಸರಲ್ಲದೆ ಬೇರೆ ಹೆಸರು ಬರುವುದಾದರೂ ಹೇಗೆ? ಆ ಹೆಬ್ಬೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಸಾವು ಸಿಕ್ಕಿತು. ಇನ್ನು ಈ ನದಿಯೇ ನಮ್ಮಪ್ಪನ ತಾಯಿಯಾದ ಆ ದೇವಿ ಎಂದು ತೋರಿಸಬೇಕಿತ್ತು. ಹೆಸರು ಹಿಡಿದು ಹೊರಟರೆ ಮತ್ತೆ ದಾರಿ ತಪ್ಪುತ್ತೇನೆ ಎಂದು ಈ ಸಲ ಹೊಲವನ್ನು ಹಿಡಿದು ಹೊರಟೆ. ಮನುಷ್ಯರ ಹೆಸರು ಬದಲಾದ ಹಾಗೆ ಸರ್ವೆ ನಂಬರು ಸುಲಭಕ್ಕೆ ಬದಲಾಗುವುದಿಲ್ಲ. ಪೋಡಿಯಾಗಿ ಬಟಾ ನಂಬರು ಬಿದ್ದರೂ ಮೂಲ ನಂಬರು ಜೊತೆಗೇ ಇರುತ್ತದೆ. ಕಂಪ್ಯೂಟರಿನ ಪಹಣಿಯಿಂದ ಕೈಬರಹದ ಪಹಣಿಗೆ, ಅಲ್ಲಿಂದ ಮ್ಯುಟೇಶನ್ ವಹಿಗೆ, ಕೊನೆಗೆ 1954–55ರ ಖಾಸ್ರಾ ಪಹಣಿಗೆ ಹೋದೆ. ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಭಾಗದವರಿಗೆ ಖಾಸ್ರಾ ಪಹಣಿ, ಅದಕ್ಕೂ ಹಿಂದಿನ ಸೇತ್ವಾರ್, ಇವೆರಡೇ ಬೇರು. ಖಾಸ್ರಾದಲ್ಲಿ ಅಜ್ಜಿಯ ತವರಿನ ಹೆಸರಿತ್ತು, ಹಕ್ಕು ಬಂದ ಬಗೆ ದಾನಪತ್ರ ಎಂದಿತ್ತು.

ಆ ದಾನಪತ್ರಕ್ಕಾಗಿ ನೋಂದಣಿ ದಾಖಲೆ ನೋಡಬೇಕಿತ್ತು. ಆದರೆ ಕಂಪ್ಯೂಟರಿನಲ್ಲಿ ಸಿಗುವ ಋಣಭಾರ ಪ್ರಮಾಣಪತ್ರ (ಇಸಿ) 2004ರ ಈಚಿನದು. ಅದಕ್ಕಿಂತ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಹಳೆಯ ಪುಸ್ತಕಗಳನ್ನೇ ತೆರೆಸಬೇಕು. ಅಲ್ಲಿ ಹೆಸರಿನ ಸೂಚಿ ಬೇರೆ, ಸ್ವತ್ತಿನ ಸೂಚಿ ಬೇರೆ. ಸರ್ವೆ ನಂಬರು ಕೊಟ್ಟು ಸ್ವತ್ತಿನ ಸೂಚಿಯಲ್ಲಿ ಹುಡುಕಿಸಿದೆ. ಸಿಕ್ಕಿದ ದಾನಪತ್ರದ ನಕಲು ಉರ್ದುವಿನಲ್ಲಿತ್ತು, ತಾರೀಖು ‘ಖುರ್ದಾದ್, 1355 ಫಸಲಿ’. ನಿಜಾಮರ ಕಾಲದ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ತಾರೀಖಿಗೆ 590 ಕೂಡಿಸಬೇಕು, ಜನವರಿಯಿಂದ ಮುಂದಕ್ಕೆ 591. ಖುರ್ದಾದ್ ಏಪ್ರಿಲ್–ಮೇ ನಡುವೆ ಬರುವ ತಿಂಗಳು. ಅಂದರೆ 1946ರ ಬೇಸಿಗೆ, ಅಜ್ಜಿಯ ಮದುವೆಯಾದ ಬೇಸಿಗೆ.

ನಿವೃತ್ತ ಉರ್ದು ಮೇಷ್ಟ್ರೊಬ್ಬರು ಕನ್ನಡಕ ಏರಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತ ಹೋದರು. ನಡುವೆ ನಿಂತು, “ಇಲ್ಲಿ ನೋಡ್ರಿ” ಎಂದರು. ನದಿಯ ಹೆಸರು, ಅದರ ಪಕ್ಕದಲ್ಲಿ ಒಂದು ಚಿಕ್ಕ ಪದ, ಆಮೇಲೆ ದೇವಿಯ ಹೆಸರು, ಇಂಥವರ ಮಗಳು, ಇಂಥವರ ಹೆಂಡತಿ. ಆ ಚಿಕ್ಕ ಪದ ‘ಉರ್ಫ್’. ತಿಂಗಳುಗಟ್ಟಲೆ ನಾನು ಹುಡುಕಿದ್ದು ಆ ಒಂದು ಪದವನ್ನು.

ನಮ್ಮ ರಾಜ್ಯದಲ್ಲಿ ಹಳೆಯ ದಾಖಲೆ ಹುಡುಕುವವರು ಒಂದು ಮಾತು ನೆನಪಿಡಬೇಕು. 1956ರ ಏಕೀಕರಣಕ್ಕೆ ಮುಂಚೆ ನಾವು ಹಲವು ಆಡಳಿತಗಳ ಕೆಳಗೆ ಹಂಚಿಹೋಗಿದ್ದೆವು. ಧಾರವಾಡ, ಬೆಳಗಾವಿ ಕಡೆ ಮೋಡಿ ಅಕ್ಷರದ ಕಾಗದ ಎದುರಾಗಬಹುದು. ಬೀದರ, ಕಲಬುರ್ಗಿ, ರಾಯಚೂರಿನಲ್ಲಿ ಉರ್ದು. ಮಂಗಳೂರು ಮದ್ರಾಸಿಗೆ ಸೇರಿತ್ತು. ಕೊಡಗು, ಹಳೆ ಮೈಸೂರಿನ ಪದ್ಧತಿಗಳು ಬೇರೆ. ಅಜ್ಜ ಅಜ್ಜಿಯರು ಹುಟ್ಟಿದಾಗ ಆ ಊರು ಯಾರ ಆಡಳಿತದಲ್ಲಿತ್ತು ಎಂದು ತಿಳಿದುಕೊಂಡರೆ ಅರ್ಧ ಹುಡುಕಾಟ ಮುಗಿದಂತೆ. ಜನನ ದಾಖಲೆ ಇಲ್ಲದಿದ್ದರೆ ಶಾಲೆಯ ದಾಖಲಾತಿ ಪುಸ್ತಕ ನೋಡಬೇಕು, ಕ್ರೈಸ್ತ ಮನೆತನವಾದರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ನೋಡಬೇಕು. ಶಾಲೆಯ ಪುಸ್ತಕದಲ್ಲಿ ಜೂನ್ 1 ಎಂದಿದ್ದರೆ ಅದು ಮೇಷ್ಟ್ರು ಬರೆದುಕೊಂಡ ಹುಟ್ಟುದಿನ ಆಗಿರಬಹುದು, ಅದನ್ನೇ ಕೊನೆಯ ಸಾಕ್ಷಿ ಎಂದು ನಂಬಬಾರದು.

ಎಲ್ಲ ಹುಡುಕಿಯೂ ಸಿಗದಿದ್ದರೆ ಕಾನೂನಿನಲ್ಲಿ ದಾರಿ ಇದೆ. ಲಭ್ಯವಿಲ್ಲ ಎಂಬ ಪ್ರಮಾಣಪತ್ರವನ್ನೇ ಆಧಾರವಾಗಿಟ್ಟುಕೊಂಡು ತಡವಾಗಿ ನೋಂದಾಯಿಸಬಹುದು. ಒಂದು ವರ್ಷ ಮೀರಿದ ಜನನ, ಮರಣಕ್ಕೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯಿಂದ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ.

ಓದುಗರಲ್ಲಿ ನನ್ನದು ಒಂದೇ ಕೋರಿಕೆ. ಮನೆಯಲ್ಲಿ ಹುಟ್ಟು ಸಾವು ಆದರೆ 21 ದಿನದೊಳಗೆ ನೋಂದಾಯಿಸಿ, ಅದಕ್ಕೆ ಶುಲ್ಕವಿಲ್ಲ. ಹೆಸರನ್ನು ಉಳಿದ ಕಾಗದಗಳಲ್ಲಿ ಇದ್ದಂತೆಯೇ ಬರೆಸಿ. ಮನೆಯ ಹಿರಿಯ ಹೆಣ್ಣುಮಗಳಿಗೆ ಎರಡು ಹೆಸರಿದ್ದರೆ, ಆಕೆ ಇರುವಾಗಲೇ ಕೇಳಿ, ಎರಡನ್ನೂ ಒಂದೇ ಕಾಗದದಲ್ಲಿ ಬರೆದಿಡಿ.